ಎರಡೂ ಎಡಗಾಲು

"ಏ ಮುಂಡೇವಾ, ಬೂಟು ಹಾಕ್ಕೊಂಡು ಇಳೀರೇ! ಬರಿಗಾಲಲ್ಲಿ ಇರೋದನ್ನ ಯಾವನಾದ್ರೂ ಫೋಟೊ ಹೊಡೆದ್ರೆ ನನ್ನ ತಲೆ ಹೋಗುತ್ತೆ!"

ಚರಂಡಿಯ ದಂಡೆಯ ಮೇಲೆ ನಿಂತು ಮೇಸ್ತ್ರಿ ಅರಚುತ್ತಿದ್ದ. ಕೆಳಗೆ ಕೆಸರಿನಲ್ಲಿ ನಿಂತಿದ್ದ ದೊಡ್ಡಕ್ಕ ಸಲಿಕೆ ತುಂಬ ಹೂಳೆತ್ತಿ ಅವನ ಚಪ್ಪಲಿಯ ಪಕ್ಕಕ್ಕೇ ಚೆಲ್ಲಿದಳು. ಗುರಿ ಒಂದು ಗೇಣು ತಪ್ಪಿದ್ದಕ್ಕೆ ಅವಳಿಗೆ ನಿಜಕ್ಕೂ ಬೇಸರವಾಯಿತು.

"ನಮಗೆ ಎರಡು ಕಾಲಿದೆ ಕಣಯ್ಯಾ. ಒಂದು ಎಡ, ಒಂದು ಬಲ. ಬೂಟು ತಂದ ಬಡ್ಡಿಮಗ ಅದನ್ನ ಮರ್ತಿದ್ದಾನೆ."

ಮಾತು ಸುಳ್ಳಲ್ಲ. ಚರಂಡಿ ಗ್ಯಾಂಗಿನಲ್ಲಿ ಹನ್ನೆರಡು ಜನ. ಹತ್ತು ದಿನದ ಹಿಂದೆ ಇಪ್ಪತ್ತನಾಲ್ಕು ಗಂಬೂಟು ಬಂದವು. ಇಪ್ಪತ್ತನಾಲ್ಕೂ ಎಡಗಾಲಿನವು. ಯಾವುದೋ ಕಾರ್ಖಾನೆ ಜೋಡಿ ತಪ್ಪಿತೆಂದು ಮೂಲೆಗೆ ಹಾಕಿದ್ದ ಮಾಲನ್ನು ಕಾರ್ಪೊರೇಟರ್ ಸಾಹೇಬರ ಭಾಮೈದ ಎತ್ತಿಕೊಂಡು ಬಂದಿದ್ದ. ಅದಕ್ಕೆ ಟೆಂಡರು ಕರೆದದ್ದು, ತೆರೆದದ್ದು, ಮಂಜೂರಾದದ್ದು ಎಲ್ಲವೂ ಸಾಹೇಬರ ಊಟದ ಮೇಜಿನ ಮೇಲೆ. ಸಾರು ಬಡಿಸುವ ಮೊದಲೇ ಕೆಲಸ ಮುಗಿದಿತ್ತಂತೆ.

"ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ," ಎಂದು ಮೇಸ್ತ್ರಿ ಮೂಗು ಮುಚ್ಚಿಕೊಂಡೇ ನಕ್ಕ. "ಹಾಕ್ತಾ ಹಾಕ್ತಾ ಕಾಲೇ ಒಗ್ಗುತ್ತೆ."

ದೊಡ್ಡಕ್ಕನ ಬಲಗಾಲು ಒಗ್ಗಿರಲಿಲ್ಲ. ಮೊದಲ ದಿನ ಕಿರುಬೆರಳು ಮಡಚಿಕೊಂಡಿತು. ಎರಡನೆಯ ದಿನ ಉಗುರು ಕಿತ್ತು ಬಂತು. ಮೂರನೆಯ ದಿನ ಬಲಗಾಲನ್ನು ಬರಿದಾಗಿಯೇ ಇಳಿಸಿದಳು, ಒಡೆದ ಬಾಟಲಿಯ ಚೂರೊಂದು ಅಂಗಾಲಿಗೆ ಹೊಕ್ಕಿತು. ಈಗ ಅದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಕೆಲಸ ಮಾಡುತ್ತಿದ್ದಳು. ಸರಿಯಾದ ಬೂಟಿಲ್ಲದೆ ಇನ್ನೊಂದು ವಾರ ಈ ಕೊಳಚೆಗೆ ಇಳಿದರೆ ಬೆರಳು ಕತ್ತರಿಸಬೇಕಾಗುತ್ತದೆ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿದ್ದಳು.

ಮೇಸ್ತ್ರಿ ಜೇಬಿನಿಂದ ಮತ್ತೆ ಅದೇ ಕಾಗದ ತೆಗೆದ. 'ಬೂಟುಗಳು ಉತ್ತಮ ಗುಣಮಟ್ಟದವು, ಎರಡೂ ಕಾಲಿಗೆ ಸರಿಯಾಗಿ ಒಪ್ಪುತ್ತವೆ.' ಕೆಳಗೆ ಗ್ಯಾಂಗಿನ ಹಿರಿಯಳ ರುಜು ಬಿದ್ದರೆ ಭಾಮೈದನ ಬಿಲ್ಲು ಪಾಸಾಗುತ್ತದೆ. ಹಿರಿಯಳು ದೊಡ್ಡಕ್ಕನೇ; ಹತ್ತು ದಿನದಿಂದ ಅವಳು ರುಜು ಹಾಕಿರಲಿಲ್ಲ.

"ನಾಳೆ ಸಾಹೇಬರ ಫಂಕ್ಷನ್ ಮುಗಿಯೋದ್ರೊಳಗೆ ರುಜು ಬೀಳ್ಬೇಕು. ಇಲ್ಲಾಂದ್ರೆ ನಾಡಿದ್ದಿಂದ ನೀನೂ ಬರ್ಬೇಡ, ನಿನ್ನ ವಾರಗಿತ್ತೀನೂ ಬರ್ಬೇಡ."

"ಅಯ್ಯೋ, ನನ್ನನ್ಯಾಕೆ ಎಳೀತೀರಿ? ನಾನು ಬಾಯೇ ಬಿಟ್ಟಿಲ್ವಲ್ಲ!" ಎಂದು ವಾರಗಿತ್ತಿ ಚರಂಡಿಯೊಳಗಿಂದ ಕೂಗಿದಳು. ಅವಳು ಬಾಯಿ ಬಿಡದ ದಿನವನ್ನು ಯಾರೂ ಕಂಡಿರಲಿಲ್ಲ. ಮೇಸ್ತ್ರಿ ಅತ್ತ ಹೋದ ಮೇಲೆ ಅವಳು ದನಿ ಇಳಿಸಿದಳು. "ಹಾಕ್ಬಿಡೇ ಅಕ್ಕಾ. ಬಡವನ ಕೋಪ ದವಡೆಗೆ ಮೂಲ."

ಮೇಸ್ತ್ರಿ ಕೊಟ್ಟುಹೋಗಿದ್ದ ಕಾಗದವನ್ನು ದೊಡ್ಡಕ್ಕ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಸಭಾಭವನದ ತುಂಬ ಬ್ಯಾನರು. 'ನಮ್ಮ ವಾರ್ಡು, ನಮ್ಮ ಮಾಲು.' ಪ್ರತಿ ಬ್ಯಾನರಿನಲ್ಲೂ ಕಾರ್ಪೊರೇಟರ್ ಕೈಮುಗಿದು ನಗುತ್ತಿದ್ದ. ಅದಕ್ಕೇ ಗ್ಯಾಂಗಿನವರು ಅವನಿಗೆ ಫ್ಲೆಕ್ಸಣ್ಣ ಎಂದು ಹೆಸರಿಟ್ಟಿದ್ದು. ಸ್ಥಳೀಯ ವ್ಯಾಪಾರವನ್ನು ಬೆಳೆಸುವ ಸಮಾರಂಭವಂತೆ. ವಾರ್ಡಿನಲ್ಲೇ ಸೋಪು ಮಾಡುವವಳಿಗೆ, ಚಾಪೆ ಹೆಣೆಯುವವನಿಗೆ ಬಾಗಿಲ ಹಿಂದೆ ಜಾಗ. ಭಾಮೈದನ ಬೂಟಿಗೆ ವೇದಿಕೆಯ ನಟ್ಟನಡುವೆ ಬಟ್ಟೆ ಹಾಸಿದ ಮೇಜು.

ಮೇಸ್ತ್ರಿಯ ಹುಕುಮಿನಂತೆ ಗ್ಯಾಂಗಿನವರು ಬೆಳಿಗ್ಗೆ ನಲ್ಲಿಯಡಿ ಬೂಟು ತೊಳೆದು, ಇನ್ನೂ ನೀರಿಳಿಯುತ್ತಿದ್ದಂತೆಯೇ ತಂದಿದ್ದರು. "ಹಾಕ್ಕೊಂಡು ಸುಮ್ನೆ ನಿಂತ್ಕೊಳ್ಳಿ. ಯಾರೂ ನಡೀಬೇಡಿ," ಎಂದು ಅವನು ಕಿವಿಯಲ್ಲಿ ಹೇಳಿದ. ಹನ್ನೊಂದು ಜನ ಪಾದಕ್ಕೆ ಹಳೇ ಬಟ್ಟೆ ಸುತ್ತಿ, ಬೂಟಿನೊಳಗೆ ಬೂದಿ ಉದುರಿಸಿ ಹಾಕಿಕೊಂಡು ವೇದಿಕೆಯ ಮೇಲೆ ನಿಂತರು. ಒದ್ದೆ ಬೂಟಿಗೆ ಬರಿಗಾಲು ಇಳಿಸಿದರೆ ಅದು ಕಾಲನ್ನು ಹೀರಿ ಹಿಡಿದುಕೊಳ್ಳುತ್ತದೆಂದು ಚರಂಡಿಯವರಿಗೆಲ್ಲ ಗೊತ್ತು. ದೊಡ್ಡಕ್ಕ ಮಾತ್ರ ಬೂಟುಗಳನ್ನು ಕೈಯಲ್ಲಿ ಹಿಡಿದಿದ್ದಳು.

ಫ್ಲೆಕ್ಸಣ್ಣ ಮೈಕು ಹಿಡಿದು ಅವಳತ್ತ ಬಂದ. "ಏನಮ್ಮಾ, ನಮ್ಮ ಮಾಲು ಕೈಗೆ ಹಾಕ್ಕೊಳ್ಳೋದಾ?"

"ಕಾಲಿಗೆ ಬರಲ್ಲ ಅಣ್ಣಾ."

ಸಭೆ ನಕ್ಕಿತು. ಅವನಿಗೆ ಹುಮ್ಮಸ್ಸು ಬಂತು. "ನೋಡಿ, ಇವರ ಹಣೆಬರಹ! ಹುಟ್ಟಿದಾಗಿನಿಂದ ಬೂಟು ಕಂಡಿದ್ರೆ ತಾನೇ? ಕೆಸರಲ್ಲಿರೋ ಹಂದಿಗೆ ಹಾಸಿಗೆ ಹಾಕಿದ್ರೆ ನಿದ್ದೆ ಬರುತ್ತಾ?"

ಇನ್ನೂ ಜೋರು ನಗೆ. ದೊಡ್ಡಕ್ಕನ ಕಿವಿ ಬಿಸಿಯಾಯಿತು. ಗಾಯದ ನೋವನ್ನು ಹತ್ತು ದಿನ ತಡೆದುಕೊಂಡಿದ್ದಳು, ಈ ನಗುವನ್ನು ತಡೆಯಲಾಗಲಿಲ್ಲ.

"ತಾ ಇಲ್ಲಿ," ಎಂದು ಅವನು ಬೂಟು ಕಿತ್ತುಕೊಂಡು ಕುರ್ಚಿಯಲ್ಲಿ ಕುಳಿತ. "ನಮ್ಮ ಮಾಲಿನ ಮೇಲೆ ನಮಗೇ ನಂಬಿಕೆ ಇಲ್ಲಾಂದ್ರೆ ಹೇಗೆ? ನಾನೇ ಹಾಕ್ಕೊಂಡು ತೋರಿಸ್ತೀನಿ." ನೂರು ಫೋನುಗಳು ಮೇಲೆದ್ದವು. ಅವನು ಕಾಲುಚೀಲ ಬಿಚ್ಚಿದ.

"ಬೇಡ ಅಣ್ಣಾ, ಒಳಗೆ ಒದ್ದೆ ಇದೆ."

"ಬೂಟು ಹಾಕೋದು ನನಗೆ ಹೇಳಿಕೊಡ್ತೀಯಾ?"

ಎಡಗಾಲು ಸಲೀಸಾಗಿ ಹೋಯಿತು. ಬಲಗಾಲನ್ನು ಅವನು ಹಲ್ಲು ಕಚ್ಚಿ, ಭಾಮೈದನ ಭುಜ ಹಿಡಿದು ಒತ್ತಿ ತುರುಕಿದ. ಎದ್ದು ನಾಲ್ಕು ಹೆಜ್ಜೆ ಇಟ್ಟ. ನೆಟ್ಟಗೆ ಹೋಗಬೇಕಾದವನು ಎಡಕ್ಕೆ ತಿರುಗಿ ತಿರುಗಿ ತನ್ನದೇ ಬ್ಯಾನರಿಗೆ ಡಿಕ್ಕಿ ಹೊಡೆದ.

"ನೆಲ ಡೊಂಕಿರ್ಬೇಕು," ಎಂದಳು ವಾರಗಿತ್ತಿ.

"ಬಿಚ್ರೋ! ಬೆರಳು ಮುರೀತು!" ಎಂದು ಫ್ಲೆಕ್ಸಣ್ಣ ಮತ್ತೆ ಕುರ್ಚಿಗೆ ಕುಸಿದ. ಭಾಮೈದ ಎಳೆದ, ಸಾಹೇಬರು ಕುರ್ಚಿಯ ಸಮೇತ ಜಾರಿದರು. ಮೇಸ್ತ್ರಿ ಎಳೆದ, ಮೇಸ್ತ್ರಿಯೇ ಅಂಗಾತ ಬಿದ್ದ. ಭಾಮೈದ ಚಾಕು ಕೇಳಿದ. "ಚಾಕು ಹತ್ರ ತಂದ್ರೆ ನಿನ್ನನ್ನೇ ಕೊಯ್ತೀನಿ ಬೋಳಿಮಗನೇ!" ಎಂದು ಸಾಹೇಬರು ಅರಚಿದ್ದು ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಮೇಸ್ತ್ರಿ ದೊಡ್ಡಕ್ಕನ ಮುಂದೆ ಕೈ ಮುಗಿದ. "ನಿಮಗೆ ಪಟ್ಟು ಗೊತ್ತಲ್ಲವ್ವಾ, ಬಂದು ಎಳೀರಿ."

ದೊಡ್ಡಕ್ಕ ಸೊಂಟದಿಂದ ಕಾಗದ ತೆಗೆದಳು. "ಒಪ್ಪುತ್ತವೆ ಅಂತ ಬರ್ದಿದೆ. ಒಪ್ಪಿತಾ ಅಣ್ಣಾ?"

"ಇಲ್ಲ ಕಣೇ! ಎಳೀ!"

ಅವಳು ಮೇಸ್ತ್ರಿಯ ಜೇಬಿನ ಪೆನ್ನು ತೆಗೆದುಕೊಂಡು, ಆ ಸಾಲು ಹೊಡೆದುಹಾಕಿ, ದಪ್ಪ ಅಕ್ಷರದಲ್ಲಿ ನಿಧಾನವಾಗಿ ಬರೆದಳು: 'ಎರಡೂ ಎಡಗಾಲಿನವು. ಒಪ್ಪುವುದಿಲ್ಲ.' "ಹಾಕ್ಕೊಂಡು ನೋಡಿದೋರು ನೀವು. ನೀವೇ ರುಜು ಹಾಕಿ. ಎಳೀತೀನಿ."

"ನಿನ್ನ ಕೆಲಸ ತೆಗೆಸ್ತೀನಿ ಲೌಡಿ!"

"ತೆಗೆಸಿ. ಬೂಟು ಯಾರು ತೆಗೀತಾರೆ?"

ಗ್ಯಾಂಗಿನ ಹನ್ನೊಂದು ಜನವೂ ವೇದಿಕೆಯ ಮೇಲೆ ಕುಳಿತುಬಿಟ್ಟರು. ಫೋನು ಯಾರೂ ಇಳಿಸಲಿಲ್ಲ. ಬೆವರು ಒರೆಸಿಕೊಂಡು ಫ್ಲೆಕ್ಸಣ್ಣ ರುಜು ಹಾಕಿದ.

ದೊಡ್ಡಕ್ಕ ಕಾಗದವನ್ನು ವಾರಗಿತ್ತಿಯ ಕೈಗೆ ಕೊಟ್ಟು, ಅವನಿಗೆ ಬೆನ್ನು ಮಾಡಿ ನಿಂತಳು. ಅವನ ಎಡಗಾಲನ್ನು ಮೊಣಕಾಲುಗಳ ನಡುವೆ ಹಿಡಿದು, ಹಿಮ್ಮಡಿ ಅದುಮಿ, ಬೂಟಿನೊಳಕ್ಕೆ ಗಾಳಿ ಹೋಗಲು ಬಿಟ್ಟು ಎಳೆದಳು. ಬೂಟು ಪಚಕ್ಕನೆ ಬಂತು. ಅದನ್ನು ಮೇಜಿನ ಮೇಲೆ ಹಾಸಿದ್ದ ಬಟ್ಟೆಯ ಮೇಲಿಟ್ಟಳು. ಉಳಿದವರೂ ತಮ್ಮ ಬೂಟು ಬಿಚ್ಚಿ ಅಲ್ಲೇ ಸಾಲಾಗಿ ಇಟ್ಟರು.

"ಇನ್ನೊಂದು? ಬಲಗಾಲು?" ಎಂದು ಫ್ಲೆಕ್ಸಣ್ಣ ಕಿರುಚಿದ.

ನಾಳೆಯಿಂದ ಕೆಲಸ ಉಂಟೋ ಇಲ್ಲವೋ ದೊಡ್ಡಕ್ಕನಿಗೆ ಗೊತ್ತಿರಲಿಲ್ಲ. ವಾರಗಿತ್ತಿಯ ಭುಜ ಹಿಡಿದು, ಗಾಯದ ಕಾಲನ್ನು ಊರದೆ, ಮೆಟ್ಟಿಲ ತುದಿಯವರೆಗೆ ಹೋಗಿ ತಿರುಗಿದಳು.

"ಬಲಗಾಲಿನ ಬೂಟು ಬಂದ ದಿನ ಹೇಳಿ ಕಳ್ಸಿ ಅಣ್ಣಾ. ಬಂದು ಬಿಡಿಸ್ತೀನಿ."