ಸೀಮೆಸುಣ್ಣದ ಬಾಗಿಲು

ಒಂದಾನೊಂದು ಊರಲ್ಲಿ ಒಂದು ಗೋಡೆಯಿತ್ತಂತೆ. ಗೋಡೆಯ ಆಚೆ ಆಸ್ಪತ್ರೆ, ಈಚೆ ಕಾಯಿಲೆ. ಆಚೆ ಸ್ಮಶಾನ, ಈಚೆ ಸಾವು. ಆ ಊರಿನ ರಾಜನಿಗೆ ಕಿರೀಟವಿರಲಿಲ್ಲ, ಕೊರಳಲ್ಲಿ ಒಂದು ಸರ ಮಾತ್ರ ಇತ್ತಂತೆ. ಯಾರು ಏನು ಕೇಳಿದರೂ ಅವನದು ಒಂದೇ ಉತ್ತರ: "ಮುಂದಿನ ಸಭೆಯಲ್ಲಿ ನೋಡೋಣ."

ಅಮ್ಮ ಹೇಳುತ್ತಿದ್ದ ಕತೆ ಇಷ್ಟಕ್ಕೇ ನಿಲ್ಲುತ್ತಿತ್ತು. "ಆಮೇಲೆ?" ಎಂದು ಮಗಳು ಕೇಳಿದರೆ, "ಉಳಿದದ್ದು ಮುಂದಿನ ಸಭೆಯಲ್ಲಿ" ಎಂದು ದೀಪ ಆರಿಸಿಬಿಡುತ್ತಿದ್ದಳು.

ಈಗ ಆ ರಾಜ, ಅಂದರೆ ಮೇಯರ್, ಹೂವಿನ ಚಕ್ರವೊಂದನ್ನು ಎರಡೂ ಕೈಯಲ್ಲಿ ಹಿಡಿದು, ಅಮ್ಮನ ಹೊಲಿಗೆ ಮೆಷಿನ್ನಿಗೂ ಅಮ್ಮನ ಶವಪೆಟ್ಟಿಗೆಗೂ ನಡುವೆ ಸಿಕ್ಕಿಕೊಂಡಿದ್ದರು. ಮಗಳು ಮೆಷಿನ್ನನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು.

"ದೊಡ್ಡ ಜೀವ ತಾಯಿ ಅದು," ಎಂದರು ಮೇಯರ್, ಚಕ್ರವನ್ನು ಪೆಟ್ಟಿಗೆಗೆ ಒರಗಿಸಿ. "ನಮ್ಮ ಕೈಲಾದ ಗೌರವ ನಾವು ಮಾಡ್ತೀವಿ. ಇವತ್ತು ಸಭೆ ಸೇರಿದ ತಕ್ಷಣ ಸಂತಾಪ ಸೂಚಿಸಿ, ಎದ್ದು ನಿಂತು, ಸಭೆ ಮುಂದೂಡ್ತೀವಿ. ಸದಸ್ಯರು ತೀರಿಹೋದಾಗ ಬೇರೆ ವಿಷಯ ಎತ್ತೋ ಪದ್ಧತಿ ನಮ್ಮಲ್ಲಿಲ್ಲ."

"ಮುಂದೂಡೋದು ಅಂದ್ರೆ ಎಲ್ಲಿಗೆ ಸಾರ್?" ಎಂದಳು ಮಗಳು. "ಇವತ್ತು ಸಂಜೆಗೆ ನಿಮ್ಮ ಅವಧೀನೇ ಮುಗಿಯುತ್ತಲ್ಲ. ಗೋಡೆಗೆ ಬಾಗಿಲು ಇಡಿಸೋ ಅಮ್ಮನ ವಿಷಯ?"

"ಹೊಸದಾಗಿ ಆರಿಸಿ ಬರೋರು ನೋಡ್ಕೋತಾರೆ."

"ಹೊಸಬರು ಬಂದರೆ ಹಳೇ ವಿಷಯ ಎಲ್ಲ ಬಿದ್ದುಹೋಗುತ್ತೆ. ಮತ್ತೆ ಅ ಆ ಇ ಈ ಇಂದ ಶುರು. ಅಮ್ಮನಿಗೆ ಗೌರವ ಕೊಟ್ಟೇ ಅವಳ ಕೆಲಸ ಹೂತುಬಿಡ್ತೀರಾ?"

"ಹೆಣ ಎದುರಿಗಿಟ್ಕೊಂಡು ಜಗಳ ಆಡ್ತೀಯೇನೆ?" ಬಾಗಿಲ ಬಳಿ ನಿಂತಿದ್ದ ಚಿಕ್ಕಮ್ಮ ಗದರಿದಳು.

"ಅವಳಿದ್ದಿದ್ರೆ ಅವಳೇ ಆಡ್ತಿದ್ದಳು ಚಿಕ್ಕಮ್ಮ. ಇನ್ನು ಯಾರನ್ನ ಕಳಿಸ್ಲಿ?"

ಮೇಯರ್ ಕೈಮುಗಿದು, ಬಂದ ಇಕ್ಕಟ್ಟಿನಲ್ಲೇ ಹಿಂದಕ್ಕೆ ನಡೆದು ಹೊರಟುಹೋದರು.

ಮೂಲೆಯ ಸ್ಟೂಲಿನ ಮೇಲೆ ಮೇಷ್ಟ್ರು ಕೂತಿದ್ದರು. ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರು, ಈಗ ಅಮ್ಮನ ಗುಂಪಿನ ಸದಸ್ಯರು. ಸಭೆಯಲ್ಲಿ ಕೈ ಎತ್ತಿದ್ದುಂಟು, ದನಿ ಎತ್ತಿದ್ದಿಲ್ಲ. ಅವರು ಗುಟ್ಟು ಹೇಳುವವರಂತೆ ಬಗ್ಗಿದರು. "ಸಭೆ ನಡೆದರೂ ಕಷ್ಟ ಕಣಮ್ಮ. ನಿಮ್ಮಮ್ಮ ಇದ್ದಿದ್ರೆ ಒಂದು ಕೈ ನಮಗೇ ಜಾಸ್ತಿ. ಈಗ ಸಮ-ಸಮ. ಸಮ ಬಂದರೆ ಮೇಯರ್ ವೋಟು. ಗೋಡೆ ಆಚೆ ಗೋದಾಮುಗಳ ಲಾರಿ ನಿಲ್ತವೆ. ಅಲ್ಲಿ ಜನ ಓಡಾಡೋದು ಆ ಮಾಲೀಕರಿಗೆ ಬೇಡ. ಅವರನ್ನ ಎದುರು ಹಾಕ್ಕೊಳ್ಳೋ ಎದೆ ಮೇಯರಿಗಿಲ್ಲ."

"ಜೋಡಿ ಇದೆಯಲ್ಲ ಮೇಷ್ಟ್ರೇ? ಅಮ್ಮನ ಜೋಡಿ ಕೈ ಎತ್ತೋ ಹಾಗಿಲ್ಲವಲ್ಲ?"

ಮೇಷ್ಟ್ರು ಅಂಗಳದತ್ತ ನೋಡಿದರು. ಅಲ್ಲಿ ಮೀಸೆ ಮಾವ ಒಬ್ಬರೇ ನಿಂತಿದ್ದರು. ಮೂರು ಲಾರಿಗಳ ಒಡೆಯ, ಎದುರು ಗುಂಪಿನ ಹಳೆಯ ಹುಲಿ. ಸಭೆಯಲ್ಲಿ ಅಮ್ಮನಿಗೆ 'ಗೋಡೆಯಕ್ಕ' ಎಂದು ಹೆಸರಿಟ್ಟು ಅಣಕಿಸಿದವರು ಅವರೇ.

ಮಗಳು ಹೊರಗೆ ಬಂದು ಅವರೆದುರು ನಿಂತಳು. "ಮೀಸೆ ಮಾವ, ಜೋಡಿ ಇದೆ ತಾನೇ?"

ಅವರು ಮೀಸೆ ಮುಟ್ಟಿಕೊಳ್ಳಲಿಲ್ಲ. ಅದನ್ನು ಮುಟ್ಟದೆ ಅವರು ಮಾತಾಡಿದ್ದನ್ನು ಅವಳು ನೋಡಿದ್ದೇ ಇಲ್ಲ. "ಜೋಡಿ ಕಾಯಿಲೆಗಮ್ಮ," ಎಂದರು. "ಸಾವಿಗೆ ಜೋಡಿ ಎಲ್ಲಿದೆ?"

*

ಅಮ್ಮ ಮೊದಲ ಸಲ ಚುನಾವಣೆಗೆ ನಿಂತಾಗ ಭಾಷಣ ಮಾಡಲು ಬರಲಿಲ್ಲ. ತನ್ನ ಕೆಳಬೀದಿಯ ಜನರನ್ನೆಲ್ಲ ಬೀದಿ ಕೊನೆಯ ಗೋಡೆಯ ಹತ್ತಿರ ಕರೆದಳು. ಸೆರಗಿನ ಗಂಟಿನಿಂದ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತೆಗೆದು, ಗೋಡೆಯ ಮೇಲೆ ಒಂದು ಬಾಗಿಲು ಬರೆದಳು.

"ಅಗಲ ಸಾಕಾ?" ಎಂದು ಜನರನ್ನೇ ಕೇಳಿದಳು.

"ಸ್ಟ್ರೆಚರ್ ಹಿಡಿದವರು ಇಬ್ಬರು ಒಟ್ಟಿಗೆ ಹೋಗೋ ಹಾಗಿರಲಿ," ಎಂದ ಯಾರೋ ಒಬ್ಬ. ಅವನ ಹೆಂಡತಿಯನ್ನು ಹೆರಿಗೆಗೆಂದು ಗೋಡೆ ಸುತ್ತಿಸಿ ಕರೆದೊಯ್ದಾಗ ಮಗು ದಾರಿಯಲ್ಲೇ ಹುಟ್ಟಿತ್ತು. ಅಮ್ಮ ಒಂದು ಗೆರೆಯನ್ನು ಅಂಗೈಯಿಂದ ಒರೆಸಿ, ಇನ್ನಷ್ಟು ಅಗಲಕ್ಕೆ ಎಳೆದಳು.

"ನಿಮ್ಮನ್ನೆಲ್ಲ ಇಲ್ಲಿಂದ ದಾಟಿಸ್ತೀನಿ. ನಾನೂ ಇಲ್ಲಿಂದಲೇ ಹೋಗ್ತೀನಿ."

ಜನ ನಕ್ಕರು, ವೋಟನ್ನೂ ಹಾಕಿದರು. ಆಮೇಲೆ ಪ್ರತಿ ಮಳೆಗೂ ಬಾಗಿಲು ಅಳಿಸಿಹೋಗುತ್ತಿತ್ತು. ನೆಲ ಆರಿದ ಮೇಲೆ ಅಮ್ಮ ಹೋಗಿ ಮತ್ತೆ ಬರೆಯುತ್ತಿದ್ದಳು.

ಪಾಲಿಕೆಯ ಒಳಗೆ ಮಾತ್ರ ಸೀಮೆಸುಣ್ಣ ನಡೆಯಲಿಲ್ಲ. ಮೊದಲ ಸಭೆಯಲ್ಲಿ ಗೋಡೆಯ ಮಾತೆತ್ತಿದಾಗ, ವಿಷಯ ಕಾರ್ಯಸೂಚಿಯಲ್ಲಿಲ್ಲ ಎಂದರು. ಕಾರ್ಯಸೂಚಿಗೆ ಸೇರಿದಾಗ, ಅನುಮೋದಿಸುವವರು ಇನ್ನೊಬ್ಬರು ಬೇಕು ಎಂದರು. ಅವರು ಸಿಕ್ಕಾಗ ಮೇಯರ್, "ಉಪಸಮಿತಿ ನೋಡಲಿ" ಎಂದರು. "ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗೆ ಇವರ ಉಪಸಮಿತಿ," ಎಂದು ಅಮ್ಮ ಮನೆಯಲ್ಲಿ ಗುಂಡಿ ಹೊಲಿಯುತ್ತ ನಗುತ್ತಿದ್ದಳು.

ಆ ಸಭೆಯಲ್ಲಿ ಯಾವ ನಿಯಮದಲ್ಲೂ ಬರೆಯದ ಒಂದು ಪದ್ಧತಿಯಿತ್ತು. ಅದಕ್ಕೆ 'ಜೋಡಿ' ಎನ್ನುತ್ತಿದ್ದರು. ಈ ಗುಂಪಿನವರೊಬ್ಬರು, ಆ ಗುಂಪಿನವರೊಬ್ಬರು ಕೈಗೆ ಕೈ ಕೊಟ್ಟು ಜೋಡಿಯಾಗುತ್ತಿದ್ದರು. ಜೋಡಿಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರು ಕೈ ಎತ್ತುವಂತಿಲ್ಲ. ಕಾಯಿಲೆಯಿಂದ ಯಾರಿಗೂ ಲಾಭವಾಗಬಾರದು, ಅಷ್ಟೆ. ಅಮ್ಮನ ಜೋಡಿ ಮೀಸೆ ಮಾವ.

ಹಿಂದಿನ ಅವಧಿಯಲ್ಲಿ ಗೋಡೆಯ ವಿಷಯ ಮತಕ್ಕೆ ಬಂದ ದಿನವೇ ಮೀಸೆ ಮಾವ ಎದೆನೋವೆಂದು ಆಸ್ಪತ್ರೆ ಸೇರಿದ್ದರು. ಅಮ್ಮ ಕೈ ಎತ್ತಿದ್ದರೆ ಸಮ-ಸಮ ಆಗುತ್ತಿತ್ತು. ಆಗಿನ ಮೇಯರ್ ತಮ್ಮ ವೋಟು ಬಾಗಿಲಿಗೇ ಎಂದೂ ಹೇಳಿದ್ದರು. ಅಮ್ಮ ಎತ್ತಲಿಲ್ಲ. ಅವಳದೇ ವಿಷಯ ಅವಳ ಕಣ್ಣೆದುರೇ ಒಂದು ಕೈಯಿಂದ ಬಿದ್ದುಹೋಯಿತು.

ಅಂದು ಕೆಳಬೀದಿಯವರು ಮನೆ ಮುಂದೆ ಬಂದು ಉಗಿದರು. ಮಗಳೂ ಸುಮ್ಮನಿರಲಿಲ್ಲ. "ನಿನ್ನ ಮಾತು ಉಳಿಸ್ಕೊಳ್ಳೋಕೆ ನಮ್ಮ ಬಾಗಿಲು ಮುಚ್ಚಿದೆಯಲ್ಲಮ್ಮ!"

ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಕಣ್ಣಿಗೆ ಹೋಗದೆ ಮತ್ತೆ ಮತ್ತೆ ಜಾರುತ್ತಿತ್ತು. "ಬಟ್ಟೆ ಹರಿದರೆ ಹೊಲೀಬಹುದು ಕಣೆ," ಎಂದಳು. ಆ ರಾತ್ರಿ ಊಟ ಮಾಡಲಿಲ್ಲ.

*

ಪೆಟ್ಟಿಗೆಯನ್ನು ಪಾಲಿಕೆಯ ಮೆಟ್ಟಿಲ ಬುಡದಲ್ಲಿ ಇಳಿಸಿದರು. ಸ್ಮಶಾನಕ್ಕೆ ಹೋಗುವ ಸುತ್ತುದಾರಿ ಹೇಗೂ ಅದರ ಮುಂದೆಯೇ ಹಾದುಹೋಗುತ್ತಿತ್ತು. ಕೆಳಬೀದಿಗೆ ಕೆಳಬೀದಿಯೇ ಬಿಸಿಲಲ್ಲಿ ನಿಂತಿತು, ಯಾರೂ ಕೂರಲಿಲ್ಲ.

ಸಂತಾಪದ ದಿನ ಸತ್ತವರ ಮನೆಯವರೊಬ್ಬರು ಸಭೆಯೊಳಗೆ ಬಂದು ಕೃತಜ್ಞತೆಯ ಮಾತು ಹೇಳುವುದು ವಾಡಿಕೆ. ಮಗಳು ಒಳಗೆ ಹೋಗಿ ಅತಿಥಿಗಳ ಬೆಂಚಿನಲ್ಲಿ ಕೂತಳು. ಅಮ್ಮನ ಕುರ್ಚಿ ಖಾಲಿಯಿತ್ತು. ಅಮ್ಮನೇ ತುಂಡುಬಟ್ಟೆಗಳಿಂದ ಹೊಲಿದ ಮೆತ್ತೆ ಅದರ ಮೇಲೆ ನಡುವೆ ತಗ್ಗಾಗಿ ಹಾಗೆಯೇ ಇತ್ತು.

ಎಲ್ಲರೂ ಎದ್ದು ಮೌನವಾಗಿ ನಿಂತರು, ಕೂತರು. ಮೇಯರ್ ಸರ ಸರಿಪಡಿಸಿಕೊಂಡು ಅವಳತ್ತ ನೋಡಿದರು. "ಎರಡು ಮಾತು, ತಾಯಿ."

ಅವಳು ಎದ್ದು ನಿಂತಳು. "ನಮ್ಮಮ್ಮನಿಗೆ ಮೌನ ಅಂದ್ರೆ ಆಗ್ತಿರಲಿಲ್ಲ," ಎಂದಳು. ಯಾರೋ ನಕ್ಕು, ತಕ್ಷಣ ಕೆಮ್ಮಿದರು. "ನಿಮಗೆಲ್ಲ ಗೊತ್ತು. ಅವಳಿಗೆ ಗೌರವ ಬೇಡ. ಅವಳ ವಿಷಯ ತಗೊಳ್ಳಿ. ಬಿದ್ದುಹೋದರೆ ಹೋಗಲಿ, ನೀವೇ ಬೀಳಿಸಿ. ಅವಳ ಹೆಣದ ಕೈಯಲ್ಲಿ ಬೀಳಿಸಬೇಡಿ."

ಮೇಯರ್ ಮೇಜಿನ ಗಂಟೆಯ ಮೇಲೆ ಕೈಯಿಟ್ಟರು. "ನಿಮ್ಮ ದುಃಖ ನಮಗೆ ಅರ್ಥ ಆಗುತ್ತೆ. ಪದ್ಧತಿ ಪ್ರಕಾರ ಸಭೆಯನ್ನ..."

"ಎಲ್ಲರೂ ಒಪ್ಪಿದರೆ ಮಾತ್ರ," ಎಂದಿತು ಒಂದು ದನಿ.

ಮೇಷ್ಟ್ರು ಎದ್ದು ನಿಂತಿದ್ದರು. ಮೇಜು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. "ಗೌರವಕ್ಕೆ ಸಭೆ ಮುಂದೂಡೋಕೆ ಎಲ್ಲರ ಒಪ್ಪಿಗೆ ಬೇಕು. ನಾನು ಒಪ್ಪಲ್ಲ ಸಾರ್."

ಮೇಯರ್ ಪಕ್ಕದಲ್ಲಿದ್ದ ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ಹೌದೆಂದು ತಲೆಯಾಡಿಸಿದ. ಗಂಟೆಯ ಮೇಲಿದ್ದ ಕೈ ಮೆಲ್ಲಗೆ ಜಾರಿತು.

ಮೇಷ್ಟ್ರೇ ಅಮ್ಮನ ವಿಷಯ ಮಂಡಿಸಿದರು. ಅವರ ಪಕ್ಕದವರು ಅನುಮೋದಿಸಿದರು. ಕಿಟಕಿಯ ಹೊರಗೆ ಜನರ ಗುಜುಗುಜು ನಿಂತಿತು. ಒಳಗೇನಾಗುತ್ತಿದೆ ಎಂದು ಅವರಿಗೂ ತಿಳಿದುಹೋಗಿತ್ತು.

"ಗೋಡೆಯಲ್ಲಿ ಬಾಗಿಲು ತೆಗೆಯೋದಕ್ಕೆ ಪರ ಇರೋರು."

ಕೈಗಳು ಎದ್ದವು. ಕಾರ್ಯದರ್ಶಿ ಎಣಿಸಿದ. ಆರು.

"ವಿರೋಧ ಇರೋರು."

ಆಚೆ ಸಾಲಿನಲ್ಲಿ ಕೈಗಳು ಒಂದೊಂದಾಗಿ ಮೇಲೇರಿದವು. ಮಗಳು ಎಣಿಸಲಿಲ್ಲ. ಅವಳ ಕಣ್ಣು ಒಬ್ಬರ ಮೇಲೇ ನೆಟ್ಟಿತ್ತು. ಮೀಸೆ ಮಾವನ ಬಲಗೈ ಮೇಜಿನ ಅಂಚಿನ ತನಕ ಬಂದಿತ್ತು. ಪಕ್ಕದವನು ಅವರನ್ನು ಮೊಣಕೈಯಿಂದ ತಿವಿದ. "ಎತ್ತಿ ಅಣ್ಣ, ಏನು ನೋಡ್ತಿದ್ದೀರಿ?"

ಅವರು ನೋಡುತ್ತಿದ್ದುದು ಎದುರಿನ ಖಾಲಿ ಕುರ್ಚಿಯನ್ನು, ಅದರ ಮೇಲಿನ ತಗ್ಗನ್ನು. ಅವರ ಎಡಗೈ ನಿಧಾನವಾಗಿ ಬಂದು ಬಲಗೈಯ ಮಣಿಕಟ್ಟನ್ನು ಹಿಡಿಯಿತು, ತುಂಟ ಮಗುವನ್ನು ಹಿಡಿದಂತೆ. ಹಿಡಿದು ಮಡಿಲಿಗೆ ಇಳಿಸಿತು.

"ಅಣ್ಣ! ಅವರು ಸತ್ತರಲ್ಲ, ಇನ್ನೆಂಥಾ ಜೋಡಿ?"

"ಅವಳು ಸತ್ತಳಪ್ಪ," ಎಂದರು ಮೀಸೆ ಮಾವ. "ನಾನು ಬದುಕಿದ್ದೀನಲ್ಲ."

ಕಾರ್ಯದರ್ಶಿ ಎರಡು ಸಲ ಎಣಿಸಿದ. ಐದು.

ಮೇಯರ್ ಬೆವರು ಒರೆಸಿಕೊಂಡರು. ತಮ್ಮ ವೋಟು ಬೇಕಾಗಲಿಲ್ಲ ಎಂಬ ನೆಮ್ಮದಿ ಆ ಮುಖದಲ್ಲಿ ಎದ್ದು ಕಾಣುತ್ತಿತ್ತು. "ವಿಷಯ ಅಂಗೀಕಾರವಾಗಿದೆ," ಎಂದು ಸಹಿ ಹಾಕಿದರು. ಮರುಕ್ಷಣವೇ ಹಳೆಯ ದನಿ ಮರಳಿ ಬಂತು: "ಇನ್ನು ಅಂದಾಜು ಮಾಡಿಸಬೇಕು, ಟೆಂಡರ್ ಕರೀಬೇಕು, ಮುಂದಿನ ಸಭೆ..."

"ಟೆಂಡರ್ ಯಾಕೆ?" ಮೀಸೆ ಮಾವ ಎದ್ದರು. ಈಗ ಅವರ ಕೈ ಮೀಸೆಯ ಮೇಲಿತ್ತು. "ನನ್ನ ಲಾರಿಯಲ್ಲಿ ಸುತ್ತಿಗೆ ಇದೆ, ಹೊರಗೆ ಜನ ಇದ್ದಾರೆ. ಶ್ರಮದಾನ ಅಂತ ಬರ್ಕೊಳ್ಳಿ. ಎಂಜಿನಿಯರ್ ಬಂದು ಪಕ್ಕದಲ್ಲಿ ನಿಂತ್ಕೊಳ್ಳಲಿ ಸಾಕು."

*

ಪೆಟ್ಟಿಗೆ ಬಂದ ದಾರಿಯಲ್ಲೇ ಹಿಂತಿರುಗಿತು.

ಗೋಡೆಯ ಮೇಲಿನ ಗೆರೆಗಳು ಮಾಸಿದ್ದವು. ಕೊನೆಯ ಮಳೆಯ ಹೊತ್ತಿಗೆ ಅಮ್ಮ ಹಾಸಿಗೆಯಿಂದ ಏಳುತ್ತಿರಲಿಲ್ಲ. ಮಗಳು ತನ್ನ ಸೆರಗಿನ ಗಂಟು ಬಿಚ್ಚಿ, ಮೆಷಿನ್ನಿನ ಖಾನೆಯಿಂದ ಬೆಳಿಗ್ಗೆ ಏಕೋ ಎತ್ತಿಟ್ಟುಕೊಂಡಿದ್ದ ನೀಲಿ ಸೀಮೆಸುಣ್ಣ ತೆಗೆದಳು. ಮಾಸಿದ ಗೆರೆಗಳ ಮೇಲೆಯೇ ಮತ್ತೆ ಎಳೆದಳು.

"ಗೋಡೆಯಕ್ಕ, ಸ್ವಲ್ಪ ದೂರ ಸರಿ," ಎಂದು ಮೀಸೆ ಮಾವ ಪೆಟ್ಟಿಗೆಯ ಕಡೆ ತಿರುಗಿ ಹೇಳಿದರು. "ಇಟ್ಟಿಗೆ ಸಿಡಿಯುತ್ತೆ." ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಪೆಟ್ಟಿಗೆ ಹೊತ್ತವರು ಮಾತ್ರ ನಿಜವಾಗಿಯೇ ನಾಲ್ಕು ಹೆಜ್ಜೆ ಹಿಂದೆ ಸರಿದರು.

ಮೊದಲ ಏಟು ಅವರೇ ಹಾಕಿದರು. ಆಮೇಲೆ ಮೇಷ್ಟ್ರು, ಆಮೇಲೆ ಸುತ್ತಿಗೆ ಯಾರ ಕೈಯಲ್ಲಿದೆಯೆಂದು ಲೆಕ್ಕವಿರಲಿಲ್ಲ. ಇಟ್ಟಿಗೆಗಳು ಸಾಲು ಸಾಲಾಗಿ ಆಚೆಗೆ ಉರುಳಿದವು. ಧೂಳು ಇಳಿದಾಗ ಆಸ್ಪತ್ರೆಯ ಕಿಟಕಿಗಳು ಕಂಡವು, ನಿಂತ ಲಾರಿಗಳು ಕಂಡವು, ಅವುಗಳ ಆಚೆ ಸ್ಮಶಾನದ ಮರಗಳು.

"ಬಗ್ಗಿ, ಬಗ್ಗಿ," ಎಂದಳು ಚಿಕ್ಕಮ್ಮ.

"ಬೇಡ ಚಿಕ್ಕಮ್ಮ," ಎಂದಳು ಮಗಳು. "ನೆಟ್ಟಗೇ ಹೋಗಬಹುದು."

ಮುಂದೆ ಇಬ್ಬರು ಒಟ್ಟಿಗೆ ನಡೆದರು, ಹಿಂದೆ ಇಬ್ಬರು ಒಟ್ಟಿಗೆ. ಪೆಟ್ಟಿಗೆ ಎಲ್ಲಿಯೂ ತಾಗದೆ ಆಚೆ ಹೋಯಿತು. ಹೊತ್ತವರ ತೋಳುಗಳು ಮಾತ್ರ ಎರಡೂ ಬದಿಯ ಗೆರೆಗೆ ಒರಸಿಕೊಂಡು, ನೀಲಿಯಾಗಿ ಹೊರಬಂದವು.