ತಡಾಲಾಳ ಕಾಲಿನ ಅಳತೆ

ಅನ್ನಕ್ಕಿಟ್ಟು ಬಂದು ಕುಳಿತಿದ್ದೇನೆ. ಜೈನರ ಮನೆ ನಮ್ಮದು, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಅಷ್ಟರೊಳಗೆ ಆದಷ್ಟು ಬರೆಯುತ್ತೇನೆ.

ಬೆಳಗಾವಿಯಲ್ಲಿ ಕೃತಕ ಕಾಲು ಜೋಡಿಸುವ ಸಣ್ಣ ಕೇಂದ್ರವೊಂದರಲ್ಲಿ ನನ್ನ ಕೆಲಸ. ಖಾನಾಪುರದ ಅಜಿತಕುಮಾರ ಕಾಕಾ ಅಕ್ಕಿ ಗಿರಣಿಯವರು. ಅವರ ಮುಂದಾಳತ್ವದಲ್ಲಿ ನಮ್ಮ ತಂಡ ಎರಡು ಸಲ ಆಫ್ರಿಕದ ಮಲಾವಿಗೆ ಹೋಗಿ ಶಿಬಿರ ಮಾಡಿ ಬಂದಿದೆ. ಅಲ್ಲಿ ವ್ಯಾಪಾರ ಮಾಡುವ ಅವರ ಅಳಿಯನೇ ವಾಹನ, ಜಾಗ, ಪರವಾನಗಿ ಎಲ್ಲ ನೋಡಿಕೊಳ್ಳುತ್ತಾನೆ.

ಮೊದಲ ಸಲ ಹೋದದ್ದು ಮೇ ತಿಂಗಳಲ್ಲಿ. ಅದು ಯೋಚಿಸಿ ಆರಿಸಿದ ತಿಂಗಳಲ್ಲ. ಅಳಿಯನ ಹೊಸ ಮನೆಯ ಪ್ರವೇಶವಿತ್ತು, ಅದರ ಜೊತೆಗೇ ಶಿಬಿರವಾಯಿತು. ನದಿಯಾಚೆಯ ಹಳ್ಳಿಯಿಂದ ತಾಯಿಯ ಬೆನ್ನ ಮೇಲೆ ಕುಳಿತು ತಡಾಲಾ ಬಂದಳು. ನನ್ನ ಮಗಳು ಬ್ರಾಹ್ಮಿಯದೇ ವಯಸ್ಸು. ಗಾಯ ಕೊಳೆತು ಮೊಣಕಾಲಿನ ಕೆಳಗೆ ಕತ್ತರಿಸಿದ್ದರು. ಅಚ್ಚು ತೆಗೆದು, ಕಾಲು ಮಾಡಿ, ತುದಿಗೆ ರಬ್ಬರಿನ ಪಾದ ಜೋಡಿಸಿದೆ. ನಾವು ಒಯ್ದ ಪಾದಗಳೆಲ್ಲ ನಮ್ಮ ಮೈಬಣ್ಣದವು. ತಡಾಲಾ ಎರಡೂ ಪಾದಗಳನ್ನು ಜೋಡಿಸಿಟ್ಟು ನೋಡಿ ಏನೋ ಹೇಳಿದಳು. ಅಲ್ಲಿದ್ದವರೆಲ್ಲ ನಕ್ಕರು. "ನನ್ನ ಒಂದು ಕಾಲು ಇಂಡಿಯಾದ್ದು ಅಂತಾಳೆ" ಎಂದು ಅಲ್ಲಿನ ನರ್ಸ್ ನನಗೆ ತಿಳಿಸಿ ಹೇಳಿದಳು.

ಅವಳ ತಾಯಿ ಮಾತ್ರ ನಗಲಿಲ್ಲ. ನನ್ನ ಕೈ ಹಿಡಿದು ಕೇಳಿದಳು: ಹುಡುಗಿ ಬೆಳೆದಂತೆ ಈ ಕಾಲೂ ಬೆಳೆಯುತ್ತದೆಯೆ?

ಇಲ್ಲ, ವರ್ಷಕ್ಕೊಮ್ಮೆಯಾದರೂ ಹೊಸದು ಮಾಡಬೇಕು, ನಾವು ಬರುತ್ತೇವೆ ಎಂದೆ.

ಮುಂದಿನ ವರ್ಷದ ಶಿಬಿರ ಡಿಸೆಂಬರಿಗೆ ನಿಗದಿಯಾಯಿತು. ಕಾಕಾ ಚಾತುರ್ಮಾಸದ ನಾಲ್ಕು ತಿಂಗಳು ಊರು ಬಿಟ್ಟು ಹೋಗದ ವ್ರತ ತೆಗೆದುಕೊಂಡವರು. ಮಳೆಗಾಲದಲ್ಲಿ ಹುಟ್ಟುವ ಹುಳಹುಪ್ಪಟೆ ಕಾಲ ಕೆಳಗೆ ಸಿಗಬಾರದೆಂಬುದು ಅದರ ಮೂಲ. ಕಾರ್ತಿಕ ಹುಣ್ಣಿಮೆ ಮುಗಿದ ಮೇಲೆಯೇ ಅವರು ಟಿಕೆಟ್ ಮಾಡಿಸಿದರು. ಮಲಾವಿಯಲ್ಲಿ ಮಳೆ ಹಿಡಿಯುವುದೇ ಆಗ. ನಾವು ಇಳಿದ ವಾರ ನದಿಯ ಸೇತುವೆ ಕೊಚ್ಚಿಹೋಯಿತು. ನಮ್ಮ ಗಾಡಿ ಕೆಸರಿನಲ್ಲಿ ಹೂತು, ಕಾಕಾ ಕೂಡ ಧೋತರ ಎತ್ತಿ ಕಟ್ಟಿ ಅದನ್ನು ನೂಕಿದರು. ಆಚೆ ದಡದಿಂದ ಯಾರೂ ಬರಲಾಗಲಿಲ್ಲ. ತಡಾಲಾಗೆಂದು ಕಪ್ಪು ಬಣ್ಣದಲ್ಲಿ ಹೇಳಿ ಮಾಡಿಸಿದ್ದ ದೊಡ್ಡ ಪಾದ ನನ್ನ ಚೀಲದಲ್ಲೇ ಮರಳಿತು.

ಈ ಬೇಸಿಗೆಯ ಕೊನೆಯಲ್ಲಿ ನರ್ಸ್ ಒಂದು ವಿಡಿಯೋ ಕಳಿಸಿದಳು. ತಡಾಲಾ ಈಗ ಗಿಡ್ಡವಾಗಿರುವ ಹಳೆಯ ಕಾಲಿನ ಪಾದದ ಅಡಿಗೆ ಚಪ್ಪಲಿಯ ತುಂಡುಗಳನ್ನು ಹಗ್ಗದಿಂದ ಬಿಗಿದು, ಒಂದು ಕಡೆ ವಾಲಿ ನಡೆಯುತ್ತಿದ್ದಳು. ಮೊಣಕಾಲ ಕೆಳಗೆ ಮತ್ತೆ ಹುಣ್ಣಾಗಿದೆಯಂತೆ. ಶಾಲೆ ಬಿಟ್ಟಿದ್ದಾಳೆ. ಹುಣ್ಣು ಮೇಲೇರಿದರೆ ಮೊಣಕಾಲನ್ನೂ ತೆಗೆಯಬೇಕಾದೀತು ಎಂದು ನರ್ಸ್ ಬರೆದಿದ್ದಳು. ಮೊಣಕಾಲು ಹೋದವರಿಗೆ ನಡಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು.

ಮೊನ್ನೆ ರವಿವಾರ ಬ್ರಾಹ್ಮಿಯನ್ನು ಕರೆದುಕೊಂಡು ಖಾನಾಪುರಕ್ಕೆ ಹೋದೆ. ಕಾಕಾನ ಹೆಂಡತಿ ಕಾಂತಾ ಕಾಕು ಬಾಗಿಲಲ್ಲೇ, "ಬಾರವಾ ಅನುಜಾ, ಇಷ್ಟ ಮಳ್ಯಾಗ ಬಂದಿ ಅಂದ್ರ ಏನರೆ ಬೇಡಾಕ ಬಂದಿರ್ತಿ" ಎಂದರು. ನಾನು ಕಾಕಾನಿಗೆ ವಿಡಿಯೋ ತೋರಿಸಿದೆ. ಅವರು ಕನ್ನಡಕ ಏರಿಸಿ ಎರಡು ಸಲ ನೋಡಿದರು.

"ಆಗಸ್ಟ್‌ನ್ಯಾಗ ಹೋಗೂಣ್ರಿ ಕಾಕಾ. ಆವಾಗ ಅಲ್ಲಿ ಮಳಿ ಇರಂಗಿಲ್ಲ. ನೆಲ ಒಣಗಿ ಧೂಳ ಹಾರತಿರತೈತಿ."

"ಇರಬಹುದವಾ. ಖರೇ, ವ್ರತ ತಗೊಂಡಾಂವ ನಾನು. ಮಲಾವಿ ತಗೊಂಡಿಲ್ಲ."

"ಹಂಗಾರ ನೀವು ಇಲ್ಲೇ ಇರ್ರಿ. ನಾವಷ್ಟ ಹೋಗಿ ಬರತೇವಿ."

"ನಾ ಇಲ್ಲಿ ಕುಂತು ನಿಮ್ಮನ್ನ ಕಳಿಸಿದ್ರ ಏನ ಬಂತು? ಮಾಡೂದು, ಮಾಡಸೂದು, ಮಾಡಿದ್ದಕ್ಕ ಹೂಂ ಅನ್ನೂದು, ಮೂರೂ ಒಂದ. ನಿನಗ ಹೇಳಬೇಕೇನು?"

ಕಾಕು ಚಹಾದ ತಟ್ಟೆ ಇಡುತ್ತ, "ಡಿಸೆಂಬರ್‌ನ್ಯಾಗ ಕೆಸರಾಗ ಗಾಡಿ ನೂಕಿ ಬಂದ್ರಲ್ಲ, ಅವಾಗ ಎಷ್ಟ ಹುಳ ಸತ್ತುವೋ ಏನೋ" ಎಂದರು.

"ಅದಕ್ಕ ಉಪವಾಸ ಮಾಡೇನಲ್ಲ."

"ನೀವು ಉಪವಾಸ ಮಾಡಿದ್ರ ಆ ಹುಡಿಗಿ ಕಾಲ ಉದ್ದ ಆಗತೈತೇನು?"

ಕಾಕಾ ಮತ್ತೊಮ್ಮೆ ವಿಡಿಯೋ ಹಚ್ಚಿ ನೋಡಿದರು. ಚಹಾ ಆರಿತು. ಕೊನೆಗೆ ಕಣ್ಣೊರೆಸಿಕೊಂಡು, "ನನಗೂ ಮೊಮ್ಮಕ್ಕಳ ಅದಾರವಾ. ಕಾರ್ತಿಕ ಹುಣ್ಣಿಮಿ ಮರುದಿನಾನ ಹೊರಡೂಣು. ಒಂದ ದಿನಾನೂ ತಡಾ ಮಾಡಂಗಿಲ್ಲ" ಎಂದರು.

ಮನಸ್ಸಿಟ್ಟೇ ಹೇಳಿದರು. ಅವರ ಮೇಲೆ ಸಿಟ್ಟಾಗಲು ನನ್ನಿಂದಾಗಲಿಲ್ಲ. ನಾನೂ ಅದೇ ಪಾಠ ಕೇಳಿ ಬೆಳೆದವಳು. ಮಳೆಗಾಲದಲ್ಲಿ ಹುಳವಿದ್ದೀತೆಂದು ಸೊಪ್ಪು ಬಿಡಿಸಿ ಬಿಡಿಸಿ ನೋಡಿ, ಕೊನೆಗೆ ಅಡುಗೆಗೆ ಬೇಡವೆಂದು ಬಿಟ್ಟವಳು. ಕಾಕಾ ಇಲ್ಲದೆ ಅಳಿಯ ಕದಲುವುದಿಲ್ಲ, ಅಳಿಯನಿಲ್ಲದೆ ಅಲ್ಲಿ ನಮಗೆ ಒಂದು ಕೋಣೆಯೂ ಸಿಗುವುದಿಲ್ಲ.

ರೈಲಿನಲ್ಲಿ ಮರಳುವಾಗ ದೇಸೂರ ದಾಟಿದ ಮೇಲೆ ನರ್ಸ್‌ಗೆ ಬರೆದೆ: ನವೆಂಬರ್ ಕೊನೆಗೆ ಬರುತ್ತೇವೆ. ಬೆಳಗಾವಿಯಲ್ಲಿ ಇಳಿಯುವಾಗ ಉತ್ತರ ಬಂದಿತ್ತು. ಸೇತುವೆ ಇನ್ನೂ ಕಟ್ಟಿಲ್ಲ, ಈಗ ನೀರು ಕಡಿಮೆ, ಜನ ನಡೆದೇ ದಾಟುತ್ತಿದ್ದಾರೆ, ನವೆಂಬರಿನಲ್ಲಿ ಆಗುವುದಿಲ್ಲ. ತಡಾಲಾಳ ತಾಯಿಗೆ ಏನು ಹೇಳಲಿ ಎಂದು ಕೇಳಿದ್ದಳು. ಇವತ್ತಿನವರೆಗೂ ನಾನು ಉತ್ತರ ಬರೆದಿಲ್ಲ.

ಅನ್ನವಾಯಿತು. ಒಲೆ ಆರಿಸಿ ಬಂದೆ.

ನಾಳೆ ಪಾದಗಳ ಆರ್ಡರ್ ಕಳಿಸಬೇಕು. ಬ್ರಾಹ್ಮಿಯನ್ನು ಕರೆದು ಹಳೆಯ ಪೇಪರಿನ ಮೇಲೆ ನಿಲ್ಲಿಸಿದೆ. ಹೋದ ವರ್ಷವೂ ಅವಳ ಪಾದದ ಅಳತೆಯಲ್ಲೇ ಮಾಡಿಸಿದ್ದೆ. ಪೆನ್ಸಿಲ್ ತಾಗಿ ಕಚಗುಳಿಯಾಗಿ ಬೆರಳು ಮಡಚಿದಳು.

"ನೆಟ್ಟಗ ನಿಂದರ ಪುಟ್ಟಿ."

"ಅಕಿದೂ ಇಷ್ಟ ಆಗಿರತೈತೇನವ್ವಾ?"

"ಹೂಂ. ಇಷ್ಟ ಆಗಿರತೈತಿ."

"ಈ ಸಲ ಅಕಿ ಬರ್ತಾಳೇನು?"

ಬೆರಳುಗಳ ಮುಂದೆ ಸ್ವಲ್ಪ ಜಾಗ ಬಿಟ್ಟು ಗೆರೆ ಎಳೆದೆ. ಕೈ ತೊಳೆದುಕೊಂಡು ಬಾ, ಹೊತ್ತು ಮುಳುಗುತ್ತದೆ ಎಂದು ಅವಳನ್ನು ಊಟಕ್ಕೆ ಕಳಿಸಿದೆ.