ಎರಡು ಹಸಿ ಬಿದಿರು

"ತಡೀರಿ, ತಡೀರಿ," ಎಂದು ರಾವಸಾಬ ಸೈಕಲ್ ಬಿಟ್ಟು ಓಡಿ ಬರುವಷ್ಟರಲ್ಲಿ ಮುರ್ತುಜಾಸಾಬನ ಗರಗಸ ಎರಡನೆಯ ಬಿದಿರನ್ನೂ ದಾಟಿತ್ತು. ಮಾಳಿಗೆ ಮುಟ್ಟುವಂತಿದ್ದ ಗಳಗಳು ಆಳುದ್ದದ ತುಂಡುಗಳಾಗಿ ಬಿದ್ದಿದ್ದವು.

"ಕಡದ್ರ್ಯಾಕ್ರಿ?"

ಸಿಂದಗಿ ಪೇಟೆಯಲ್ಲಿ ಬಿದಿರು ಮಾರುತ್ತಲೇ ಗಡ್ಡ ನೆರೆತಿದ್ದ ಮುರ್ತುಜಾಸಾಬ ಟೋಪಿ ಸರಿಮಾಡಿಕೊಂಡ. "ಹಸಿ ಬಿದಿರು, ಅದೂ ಎರಡ. ಚೌಕಾಶಿ ಮಾಡಲಿಲ್ಲ, ಲಗೂನ ಕೊಡ್ರಿ ಅಂದ್ರಿ. ಹೆಣಾ ಇಟಗೊಂಡವರ ಹಂಗ ಕೇಳ್ತಾರ್ರಿ. ಹೆಣಾ ಹೊರೂ ಸಿಡಿಗಿ ಅಳತಿಗೆ ಕಡದೆ. ತೀರಿಕೊಂಡಾಕಿ ನಿಮ್ಮ ಅತ್ತಿ ಹೌದಿಲ್ರಿ?"

"ರೇಡಿಯೋ ತಂತಿ ಕಟ್ಟಾಕ ಬೇಕಾಗಿತ್ತರೀ."

ಮರುದಿನ ಮುಂಬಯಿಯಲ್ಲಿ ಕ್ರಿಕೆಟ್ ಟೆಸ್ಟ್ ಶುರು. ರಾವಸಾಬನ ರೇಡಿಯೋ ಒಗ್ಗರಣೆಯ ಸಾಸಿವೆಯಂತೆ ಸಿಡಿಯುವುದನ್ನು ಬಿಟ್ಟು ಬೇರೇನೂ ನುಡಿಯುತ್ತಿರಲಿಲ್ಲ. ಮಾಳಿಗೆಯ ಮೇಲೆ ಎರಡು ಗಳ ನಿಲ್ಲಿಸಿ ತಂತಿ ಎಳೆದರೆ ಓಣಿಗೆಲ್ಲ ಕಾಮೆಂಟರಿ ಕೇಳಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಮಾಳಿಗೆ ಮಾತ್ರ ಸೋದರತ್ತೆ ಬಾಳಮ್ಮನದು. ಅವಳನ್ನು ಒಪ್ಪಿಸುವಷ್ಟರಲ್ಲಿ ಅವನ ನಾಲಿಗೆ ಸವೆದಿತ್ತು.

"ಉದ್ದನ್ನವು ಇವೆರಡ ಇದ್ದೂರಿ," ಎಂದ ಮುರ್ತುಜಾಸಾಬ. "ಒಯ್ರಿ, ಗಟ್ಟಿ ಬಿದಿರು, ಒಳಗ ಪೊಳ್ಳಿಲ್ಲ. ನಿಚ್ಚಣಿಕಿ, ತೊಟ್ಟಲಾ, ಹೊರಸು, ಯಾವುದಕ್ಕೂ ಬರ್ತೈತಿ." ತಪ್ಪಿಗೆಂದು ಹುರಿಹಗ್ಗವನ್ನೂ ಪುಕ್ಕಟೆ ಕೊಟ್ಟ.

ತುಂಡಿಗೆ ತುಂಡು ಕಟ್ಟಿದರೆ ಮತ್ತೆ ಗಳವಾದೀತು ಎಂದುಕೊಂಡು ರಾವಸಾಬ ಎಲ್ಲವನ್ನೂ ಸೈಕಲ್ಲಿಗೆ ಬಿಗಿದ. ಆದರೆ ಹಸಿ ಬಿದಿರು, ಹಗ್ಗ ಕಂಡದ್ದೇ ಪೇಟೆಯವರು ಕೆಲಸ ಬಿಟ್ಟು ಎದ್ದರು. ಚಹಾದಂಗಡಿಯ ಚನ್ನಬಸಯ್ಯ ಒಲೆಗೆ ನೀರು ಹೊಯ್ದು, ಹೂವಿನವಳಿಂದ ಒಂದು ಮಾಲೆ ತಗೊಂಡು ಹಿಂದೆ ಬಂದ.

"ರೇಡಿಯೋಕ್ಕರೀ ಕಾಕಾ, ರೇಡಿಯೋಕ್ಕ," ಎಂದ ರಾವಸಾಬ.

"ಪಾಪ, ದುಃಖಾ ತಲೀಗೇರೇತಿ," ಎಂದು ಚನ್ನಬಸಯ್ಯ ಪಕ್ಕದವರಿಗೆ ಹೇಳಿದ. ಅವರೂ ಕಣ್ಣೊರೆಸಿಕೊಂಡು ಸೇರಿಕೊಂಡರು.

ಓಣಿ ತಿರುಗಿದಾಗ ಬಾಳಮ್ಮ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಮಂದಿ ನಿಂತಲ್ಲೇ ನಿಂತರು. ಚನ್ನಬಸಯ್ಯ ಮಾಲೆಯನ್ನು ಬೆನ್ನ ಹಿಂದೆ ಸರಿಸಿದ.

ಬಾಳಮ್ಮ ಮಾಲೆ ನೋಡಿದಳು, ಬಿದಿರು ನೋಡಿದಳು. ಎದ್ದು ಒಂದು ತುಂಡನ್ನು ಪಕ್ಕಕ್ಕೆ ಹಿಡಿದುಕೊಂಡಳು. ನೆತ್ತಿಗಿಂತ ಸರಿಯಾಗಿ ಒಂದು ಗೇಣು ಮೇಲಿತ್ತು.

"ನನ್ನ ಅಳತಿ ಯಾರು ಕೊಟ್ರೋ?"

"ಅತ್ತಿ, ಇದು ತಂತಿಗೆ..."

"ತಂತಿಗೆ ಹೂವಿನ ಮಾಲಿ ಹಾಕ್ತಾರೇನು?"

ಮಾಳಿಗೆ ಕೈತಪ್ಪುತ್ತಿರುವುದು ರಾವಸಾಬನಿಗೆ ಕಂಡಿತು. "ಕೇಳಿಲ್ಲಿ, ಅತ್ತಿ. ಇದರಾಗ ನಿನಗೊಂದು ಚಂದನ್ನ ಹೊರಸು ಮಾಡಿಸ್ತೇನಿ. ಆರಾಮ ಕಾಲು ಚಾಚಿ ಮಲಗೀಯಂತ. ನಾಳಿಗೆ ತಂತಿ ಒಂದು ಕಟ್ಟಾಕ ಬಿಡು."

"ಒಲ್ಲೆ."

"ಹೊರಸು ಒಲ್ಲೆಯೋ, ತಂತಿ ಒಲ್ಲೆಯೋ?"

"ಎರಡೂ ಒಲ್ಲೆ," ಎಂದು ಬಾಳಮ್ಮ ಶೇಂಗಾದ ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.